ಸಾಕು ಎನ್ನುವ ಜಾಗ

ಭಾನುವಾರ, ಮಧ್ಯಾಹ್ನ

ಅಮ್ಮನಿಗೆ,

ಕಾಗದಕ್ಕೆ ಒಂದು ಒಕ್ಕಣೆ ಅಂತ ಇತ್ತು, ಶಾಲೆಯಲ್ಲಿ ಬಾಯಿಪಾಠ ಮಾಡಿಸಿದ್ದರು. ಎಷ್ಟು ಯೋಚಿಸಿದರೂ ‘ಇತ್ತ ಕ್ಷೇಮ’ ಎಂಬುದರ ಆಚೆ ಏನೂ ನೆನಪಾಗಲಿಲ್ಲ. ಅದನ್ನು ಬರೆದು, ಓದಿ, ಹೊಡೆದುಹಾಕಿದೆ. ಅದು ಸುಳ್ಳು ಅಂತಲ್ಲ. ಕ್ಷೇಮವಾ ಎಂದು ಯಾರಾದರೂ ಕೇಳಿದರೆ ಈಚೆಗೆ ನನಗೆ ಒಳಗಿನಿಂದ ಹೌದು ಎಂದೂ ಬರುವುದಿಲ್ಲ, ಇಲ್ಲ ಎಂದೂ ಬರುವುದಿಲ್ಲ. ಹಲ್ಲಿನ ಬಣ್ಣ ಹೊಂದಿಸಿ ನೋಡಲು ಡಾಕ್ಟರು ಒಮ್ಮೊಮ್ಮೆ ರೋಗಿಗಳನ್ನೇ ನಮ್ಮ ಕಟ್ಟುಹಲ್ಲಿನ ಲ್ಯಾಬಿಗೆ ಕಳಿಸುತ್ತಾರೆ. ಒಸಡಿಗೆ ಇಂಜೆಕ್ಷನ್ ಕೊಟ್ಟಿರುವುದರಿಂದ ಅವರಿಗೆ ತಮ್ಮ ತುಟಿ ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲ, ಬೆರಳಿಂದ ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿರುತ್ತಾರೆ. ನಾನು ಸದ್ಯಕ್ಕೆ ಹಾಗಿದ್ದೇನೆ ಎಂದುಕೊ. ಗಾಬರಿಯಾಗುವಂಥದ್ದು ಏನಿಲ್ಲ.

ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀನು ಮೊದಲು ಕೇಳುವುದು ‘ಊಟ ಆಯ್ತಾ’ ಎಂದು. ಲೋಕದಲ್ಲಿ ಎಲ್ಲರೂ ಎಲ್ಲರನ್ನೂ ಕೇಳುವ ಮಾತು ಅದು, ಕೇಳಿ ಮರೆತುಬಿಡುತ್ತಾರೆ. ನಮ್ಮಿಬ್ಬರ ನಡುವೆ ಮಾತ್ರ ಅದಕ್ಕೆ ಉತ್ತರ ಬೇಕಾಗುತ್ತದೆ. ಆಯಿತು ಎಂದರೆ ಏನು, ಎಷ್ಟು ಎಂದು ನೀನು ಕೇಳದೆ ಸುಮ್ಮನಾಗುತ್ತೀಯ, ಆ ಸುಮ್ಮನಿರುವುದೂ ನನಗೆ ಕೇಳಿಸುತ್ತದೆ. ಇಲ್ಲ ಎಂದರೆ ಯಾಕಿಲ್ಲ ಎಂದು ನಿನಗೆ ಸಂಕಟ. ಅಲ್ಲಿಗೆ ಮಾತು ಮುಗಿಯುತ್ತದೆ, ಹೇಳಬೇಕಾದದ್ದು ಬಾಯಲ್ಲೇ ಉಳಿಯುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ನಿನ್ನ ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದು. ಅಪ್ಪನ ಹತ್ತಿರ ಓದಿಸಬೇಡ, ಅವರು ನಡುನಡುವೆ ನಿಲ್ಲಿಸಿ ನಿನ್ನ ಮುಖ ನೋಡುತ್ತಾರೆ.

ಅಪ್ಪ ನೀರು ಸರಬರಾಜು ಕಚೇರಿಯಿಂದ ನಿವೃತ್ತರಾದ ದಿನದಿಂದ ನೀನೂ ನಾನೂ ಸರಿಯಾಗಿ ಮಾತಾಡಿಲ್ಲ. ಜಗಳ ಆಗಿದ್ದರೆ ಚೆನ್ನಾಗಿತ್ತು, ಜಗಳಕ್ಕೆ ಒಂದು ಕೊನೆ ಇರುತ್ತದೆ. ಅವತ್ತು ಏನಾಯಿತೆಂದು ನಿನಗೆ ನೆನಪಿದೆಯೋ ಇಲ್ಲವೋ. ಅಪ್ಪನ ಜೊತೆ ಕೆಲಸ ಮಾಡುತ್ತಿದ್ದವರೆಲ್ಲ ಊಟಕ್ಕೆ ಬಂದಿದ್ದರು. ಎರಡನೇ ಸುತ್ತು ಬಡಿಸುವಾಗ ನೀನು ನನ್ನ ತಟ್ಟೆ ದಾಟಿ ಮುಂದೆ ಹೋದೆ. ಅಪ್ಪನ ಸಾಹೇಬರು, ‘ಪಾಪ, ಮಗಳಿಗೆ ಬಡಿಸಲೇ ಇಲ್ಲವಲ್ಲಮ್ಮ’ ಎಂದರು. ನೀನು ನಕ್ಕು, ‘ಅವಳಿಗೆ ಬೇಡ ಬಿಡಿ, ಗಾಳಿ ಕುಡಿದ್ರೂ ಮೈಗೆ ಹತ್ತುತ್ತೆ’ ಎಂದೆ. ಎಲ್ಲರೂ ನಕ್ಕರು. ‘ಹಾಗಾದ್ರೆ ಗಾಳಿಗೂ ಬೀಗ ಹಾಕ್ಬೇಕು’ ಎಂದು ಇನ್ಯಾರೋ ಸೇರಿಸಿದರು. ನಾನೂ ನಕ್ಕೆ. ನಗುತ್ತಾ ನನ್ನ ಮುಂದಿದ್ದ ಸಿಹಿಯ ಬಟ್ಟಲಿಗೆ ಕೈ ಹಾಕಿದಾಗ, ನೀನು ಮಾತಾಡುತ್ತಲೇ, ನನ್ನ ಕಡೆ ನೋಡದೇ, ಆ ಬಟ್ಟಲು ಎತ್ತಿಕೊಂಡು ಒಳಗೆ ಹೋದೆ. ನೊಣ ಓಡಿಸಿದಷ್ಟು ಸಲೀಸಾಗಿ. ನನಗೆ ಇಪ್ಪತ್ತೊಂಬತ್ತು ವರ್ಷ ಅಮ್ಮ.

ಎದ್ದು ಕೈ ತೊಳೆದುಕೊಂಡೆ. ಪಾತ್ರೆ ತೊಳೆಯುವುದಕ್ಕೂ ನಿಂತೆ, ನಿನ್ನ ಪಕ್ಕದಲ್ಲೇ. ನೀನು ಉಜ್ಜಿದೆ, ನಾನು ಒರೆಸಿದೆ. ಮುಂದಿನ ವಾರ ಲ್ಯಾಬಿನ ಹಿಂದಿನ ಬೀದಿಯಲ್ಲಿ ರೂಮು ಸಿಕ್ಕಿತು, ಓಡಾಟ ಕಡಿಮೆಯಾಗುತ್ತದೆ ಎಂದು ಹೇಳಿ ಹೊರಟೆ. ನೀನು ಚೀಲಕ್ಕೆ ಟವೆಲು ಮಡಿಚಿ ಇಟ್ಟೆ. ಓಡಾಟಕ್ಕಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಇರಲಿ. ಬರೆಯಲು ಕೂತದ್ದು ಅದನ್ನಲ್ಲ.

ನಮ್ಮ ಲ್ಯಾಬಿಗೆ ನೀನು ಬಂದೇ ಇಲ್ಲ. ಔಷಧಿ ಅಂಗಡಿಯ ಮೇಲೆ ಎರಡು ಮಹಡಿ, ಲಿಫ್ಟಿಲ್ಲ. ಉದ್ದನೆಯ ಒಂದೇ ಕೋಣೆ. ಕಿಟಕಿಯ ಉದ್ದಕ್ಕೂ ಕಲ್ಲಿನ ಕಟ್ಟೆ, ಅಲ್ಲಿ ನಾವು ಮೂವರು ಕೂರುತ್ತೇವೆ. ಒಂದು ತುದಿಗೆ ನಮ್ಮ ಮಾಸ್ತರು, ಲ್ಯಾಬು ಅವರದೇ. ಇನ್ನೊಂದು ತುದಿಗೆ ಪಾಲಿಶ್ ಅಕ್ಕ, ತಿರುಗುವ ಚಕ್ರಕ್ಕೆ ಹಲ್ಲಿನ ಸೆಟ್ಟು ಒತ್ತಿ ಹಿಡಿದು ಮಿರಮಿರ ಮಿಂಚಿಸುವುದು ಅವರ ಕೆಲಸ. ನಡುವೆ ನಾನು. ಡಾಕ್ಟರು ಕಳಿಸಿದ ಬಾಯಿಯ ಅಚ್ಚಿಗೆ ಪ್ಲಾಸ್ಟರ್ ಹುಯ್ಯುತ್ತೇನೆ, ಅದು ಗಟ್ಟಿಯಾದ ಮೇಲೆ ಗುಲಾಬಿ ಮೇಣ ಕಾಯಿಸಿ ಒಸಡು ಕಟ್ಟುತ್ತೇನೆ, ಒಂದೊಂದೇ ಹಲ್ಲು ಕೂರಿಸುತ್ತೇನೆ. ಇಡೀ ದಿನ ಕೂತು ಮಾಡುವ ಕೆಲಸ. ಕೂತೇ ಇರುತ್ತೀ, ಅದಕ್ಕೇ ಮೈ ಬಂದಿದೆ ಎಂದು ನೀನು ಅನ್ನುತ್ತಿದ್ದೆ. ಪಾಲಿಶ್ ಅಕ್ಕನೂ ಕೂತೇ ಇರುತ್ತಾರೆ, ಗಾಳಿ ಬಂದರೆ ಹಾರಿಹೋಗುವ ಹಾಗಿದ್ದಾರೆ.

ನಿನಗೆ ಗೊತ್ತಿಲ್ಲದ ಒಂದು ಸಂಗತಿ. ನನ್ನ ಕೆಳಗಿನ ಸಾಲಿನಲ್ಲಿ ಎರಡು ಹಲ್ಲು ನಾನೇ ಮಾಡಿಕೊಂಡವು. ಬೇರು ಗಿಡ್ಡ, ತಾವಾಗಿ ಅಲ್ಲಾಡಿ ಬಿದ್ದುಹೋದವು. ಕಡಲೆ ಇದ್ದಾಗ ಹಲ್ಲಿಲ್ಲ ಅನ್ನುತ್ತಾರಲ್ಲ, ನಮ್ಮ ಮನೆಯಲ್ಲಿ ಕಡಲೆಗೂ ಬೀಗ ಇತ್ತು, ಹಾಗಾಗಿ ಅಂಥ ನಷ್ಟವೇನೂ ಆಗಲಿಲ್ಲ. ಒಂದು ವರ್ಷ ನಿನ್ನ ಎದುರಿಗೇ ಕೂತು ಅವೆರಡರಲ್ಲೇ ಅಗಿದು ಉಂಡಿದ್ದೇನೆ, ನೀನು ಗಮನಿಸಲಿಲ್ಲ. ನನ್ನ ಬಾಯೊಳಗೆ ಏನು ಹೋಗುತ್ತಿದೆ ಎಂದಷ್ಟೇ ನೋಡುತ್ತಿದ್ದೆ.

ಎರಡು ತಿಂಗಳ ಹಿಂದೆ ಪ್ಲಾಸ್ಟರ್ ಅಚ್ಚುಗಳ ಟ್ರೇ ಹಿಡಿದು ಮೆಟ್ಟಿಲು ಹತ್ತುತ್ತಿದ್ದೆ. ನಡುವೆ ಉಸಿರು ಸಿಗಲಿಲ್ಲ. ಮೆಟ್ಟಿಲ ಮೇಲೆ ಕೂತೆ. ಟ್ರೇ ತೊಡೆಯ ಮೇಲೆ ಭದ್ರವಾಗಿತ್ತು, ಅದೊಂದು ಸಮಾಧಾನ. ಕಣ್ಣೆದುರು ಸಾಲಾಗಿ ಬಿಳಿ ಬಿಳಿ ಬಾಯಿಗಳು, ಎಲ್ಲವೂ ತೆರೆದುಕೊಂಡಿದ್ದವು. ನನ್ನ ಬಾಯಿಯೂ ತೆರೆದೇ ಇತ್ತು. ಪಾಲಿಶ್ ಅಕ್ಕ ಕೆಳಗಿನಿಂದ ಬಂದವರು ನಾನು ಸುಮ್ಮನೆ ಕೂತಿದ್ದೇನೆ ಎಂದುಕೊಂಡು ದಾಟಿ ಹೋಗಿ, ಮತ್ತೆ ತಿರುಗಿ ಬಂದರು. ಮಾಸ್ತರು ಅವತ್ತೇ ಡಾಕ್ಟರ ಹತ್ತಿರ ಕಳಿಸಿದರು.

ಆ ಡಾಕ್ಟರು ನಾನು ಬಾಗಿಲಲ್ಲಿ ಬರುತ್ತಿದ್ದ ಹಾಗೇ ಕಾಯಿಲೆ ಏನೆಂದು ಗೊತ್ತಾದವರ ಹಾಗೆ ತಲೆಯಾಡಿಸಿದರು. ‘ತೂಕ ಇಳಿಸ್ಬೇಕಮ್ಮ. ಬಾಯಿ ಕಟ್ಟು, ಎಲ್ಲಾ ಸರಿಹೋಗುತ್ತೆ.’ ಇದು ನನಗೆ ಹೊಸದಲ್ಲ. ಕಿವಿ ನೋವು ಎಂದು ಹೋದಾಗಲೂ ಒಬ್ಬರು ಇದನ್ನೇ ಹೇಳಿದ್ದರು. ಚೀಟಿ ತೆಗೆದುಕೊಂಡು ಏಳಬೇಕಾಗಿತ್ತು. ಏಳಲು ಕುರ್ಚಿಯ ಕೈ ಹಿಡಿದೆ, ಆ ಹೊತ್ತಿಗೆ ಉಸಿರು ಸಾಲದೆ ಮತ್ತೆ ಕೂತೆ. ಕೂತವಳು ಹೇಳಿಬಿಟ್ಟೆ, ಚಿಕ್ಕಂದಿನಲ್ಲಿ ನನಗೆ ರಕ್ತದ ಕ್ಯಾನ್ಸರ್ ಆಗಿತ್ತು, ಔಷಧಿ ಕೊಟ್ಟಿದ್ದರು, ತಲೆಗೆ ಕಿರಣ ಕೊಟ್ಟಿದ್ದರು ಎಂದು.

ನಮ್ಮ ಮನೆಯಲ್ಲಿ ಅದಕ್ಕೆ ಆ ಹೆಸರಿಲ್ಲ ಎಂದು ನನಗೆ ಗೊತ್ತು. ‘ಆ ಜ್ವರ’ ಅಂತಲೇ ನಾವೆಲ್ಲ ಅನ್ನುವುದು. ‘ಹೋದ ಕಾಯಿಲೆ ಹೆಸರು ಹೇಳಿ ಮತ್ತೆ ಕರೀಬೇಡ, ಯಾರಿಗೂ ಹೇಳ್ಬೇಡ, ಡಾಕ್ಟ್ರು ಕೇಳಿದ್ರೂ ಹೇಳ್ಬೇಡ’ ಎಂದು ನೀನು ನನಗೆ ತಲೆ ಬಾಚುವಾಗ ಹೇಳಿದ್ದು. ಆಗಿನ್ನೂ ಕೂದಲು ಹೊಸದಾಗಿ ಬರುತ್ತಿತ್ತು, ಬಾಚುವಷ್ಟೂ ಇರಲಿಲ್ಲ. ನಾನು ಇಷ್ಟು ವರ್ಷ ಯಾರಿಗೂ ಹೇಳಲಿಲ್ಲ. ಇದನ್ನು ನಿನ್ನ ಮೇಲೆ ಹೊರಿಸಲು ಬರೆಯುತ್ತಿಲ್ಲ. ಹೇಗೆ ನಡೆಯಿತೋ ಹಾಗೆ ಬರೆಯುತ್ತಿದ್ದೇನೆ.

ಆ ಡಾಕ್ಟರು ಪೆನ್ನು ಕೆಳಗಿಟ್ಟರು. ಎದ್ದು ಬಂದು ನನ್ನ ಎದೆಗೆ ಸ್ಟೆತಸ್ಕೋಪ್ ಇಟ್ಟರು, ತುಂಬ ಹೊತ್ತು ಕೇಳಿದರು. ಬರೆದಿದ್ದ ಚೀಟಿ ಹರಿದು ಬೇರೆ ಬರೆದುಕೊಟ್ಟರು. ಹಾಗೆ ನಾನು ಮತ್ತೆ ನಮ್ಮ ಹಳೆಯ ಆಸ್ಪತ್ರೆಗೆ ಹೋದೆ.

ಹೌದು, ಅದೇ ಆಸ್ಪತ್ರೆ. ಅಲ್ಲಿ ಈಗ ಗುಣವಾಗಿ ದೊಡ್ಡವರಾದವರಿಗೆ ಅಂತ ಒಂದು ಕ್ಲಿನಿಕ್ ಇದೆಯಂತೆ, ವಾರಕ್ಕೊಮ್ಮೆ. ನಮಗೆ ಯಾರೂ ಹೇಳಿರಲಿಲ್ಲ, ನಾವೂ ಆ ರಸ್ತೆಗೆ ತಲೆ ಹಾಕಿರಲಿಲ್ಲ. ಗೋಡೆಗೆ ಬೇರೆ ಬಣ್ಣ ಹೊಡೆದಿದ್ದಾರೆ. ವಾಸನೆ ಮಾತ್ರ ಹಾಗೇ ಇದೆ. ಮೊದಲು ತೂಕ ನೋಡಿದರು. ನೆನಪಿದೆಯಾ, ಆಗ ನಾನು ತಕ್ಕಡಿ ಹತ್ತಿದಾಗ ಮುಳ್ಳು ಒಂದು ಗೆರೆ ಮೇಲೆ ಹೋದರೂ ನರ್ಸಕ್ಕ ಚಪ್ಪಾಳೆ ತಟ್ಟುತ್ತಿದ್ದರು, ನೀನು ಸೆರಗಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದೆ. ನಾನು ಏನೋ ದೊಡ್ಡ ಕೆಲಸ ಮಾಡಿದೆ ಎಂದು ಬೀಗುತ್ತಿದ್ದೆ. ಈಗಿನ ನರ್ಸು ಚಿಕ್ಕ ಹುಡುಗಿ. ನೋಡಿದಳು, ಬರೆದುಕೊಂಡಳು, ‘ಇಳೀರಿ’ ಎಂದಳು.

ಕಾಯುವ ಕೋಣೆಯಲ್ಲಿ ಪಕ್ಕದ ಕುರ್ಚಿಯಲ್ಲಿ ಒಬ್ಬರು ಕೂತಿದ್ದರು, ಗಡಿಯಾರ ರಿಪೇರಿ ಮಾಡುವವರು. ಅಂಗಿಯೊಳಗೆ ಆಳಿದ್ದಾರೋ ಇಲ್ಲವೋ ಅನ್ನುವಷ್ಟು ತೆಳ್ಳಗೆ. ಅವರಿಗೂ ಚಿಕ್ಕಂದಿನಲ್ಲೇ, ಹೊಟ್ಟೆಯಲ್ಲಿ ಗಡ್ಡೆಯಂತೆ. ಏನು ತಿಂದರೂ ಮೈಗೆ ಹತ್ತುವುದಿಲ್ಲವಂತೆ. ಅವರ ತಾಯಿ ಇವತ್ತಿಗೂ ತಟ್ಟೆ ಹಿಡಿದು ಹಿಂದೆ ಹಿಂದೆ ಬರುತ್ತಾರಂತೆ. ‘ನಾನೂ ನೀವೂ ಸಮನಾಗಿ ಹಂಚ್ಕೊಂಡಿದ್ರೆ ಇಬ್ರು ಸರಿಯಾದ ಮನುಷ್ಯರು ಆಗ್ತಿದ್ವು ನೋಡಿ’ ಎಂದರು. ನಾನು ನಕ್ಕೆ. ಬಹಳ ದಿನಗಳ ಮೇಲೆ, ನನ್ನ ಮೈ ಬಗ್ಗೆ ಯಾರೋ ಆಡಿದ ಮಾತಿಗೆ ನಗು ತಾನಾಗಿ ಬಂತು.

ಡಾಕ್ಟರು ಹೆಂಗಸು. ನಿನಗಿಂತ ಸ್ವಲ್ಪ ಚಿಕ್ಕವರಿರಬೇಕು. ಅವರು ನನ್ನನ್ನು ಏನು ತಿನ್ನುತ್ತೀ ಎಂದು ಕೇಳಲಿಲ್ಲ. ‘ಹೊಟ್ಟೆ ತುಂಬ್ತು ಅಂತ ನಿಮಗೆ ಯಾವತ್ತಾದ್ರೂ ಅನ್ಸಿದ್ಯಾ?’ ಎಂದು ಕೇಳಿದರು.

ಪ್ರಶ್ನೆಯೇ ಅರ್ಥವಾಗಲಿಲ್ಲ. ತಟ್ಟೆ ಖಾಲಿಯಾದಾಗ ಊಟ ಮುಗಿಯುತ್ತದೆ ಎಂದೆ. ‘ಅದಲ್ಲ. ತಟ್ಟೇಲಿ ಇನ್ನೂ ಇದೆ, ಆದ್ರೂ ಒಳಗಿಂದಾನೇ ಬೇಡ ಅನ್ಸೋದು’ ಎಂದರು. ನಾನು ಯೋಚಿಸಿದೆ. ಅಮ್ಮ, ಜನ ಊಟದ ನಡುವೆ ಕೈ ಅಡ್ಡ ಹಿಡಿದು ‘ಸಾಕು ಸಾಕು’ ಅನ್ನುವುದು ಮರ್ಯಾದೆಗೆ ಎಂದೇ ನಾನು ತಿಳಿದಿದ್ದೆ. ಎಲ್ಲರಿಗೂ ನನ್ನಷ್ಟೇ ಹಸಿವಿರುತ್ತದೆ, ಅವರು ಗಟ್ಟಿ ಮನಸ್ಸಿನವರು, ತಡೆದುಕೊಳ್ಳುತ್ತಾರೆ, ನನಗೆ ನಾಚಿಕೆಯಿಲ್ಲ. ಇಷ್ಟು ವರ್ಷ ನಾನು ಹೀಗೇ ತಿಳಿದಿದ್ದೆ. ಹಾಗೇ ಅವರಿಗೆ ಹೇಳಿದೆ.

ಅವರು ಒಂದು ಹಾಳೆಯ ಹಿಂದೆ ಒಂದು ತಲೆ ಬರೆದರು. ಅದರೊಳಗೆ ಸಾಸಿವೆ ಕಾಳಿನಷ್ಟು ಚುಕ್ಕೆ ಇಟ್ಟರು. ಸಾಕು ಎಂದು ಹೇಳುವ ಜಾಗ ಅದಂತೆ. ಆಗ ತಲೆಗೆ ಕೊಟ್ಟ ಕಿರಣ ಬಹುಶಃ ಅಲ್ಲಿಗೂ ತಾಗಿರಬೇಕು, ಜೊತೆಗೆ ಆಗ ನುಂಗಿದ ಮಾತ್ರೆಗಳು, ಆಮೇಲೆ ಥೈರಾಯ್ಡ್, ಎಲ್ಲ ಸೇರಿದೆ ಎಂದರು. ನಮ್ಮ ಹಾಗೆ ಉಳಿದ ಮಕ್ಕಳಲ್ಲಿ ಎಷ್ಟೋ ಜನಕ್ಕೆ ಹೀಗಾಗಿದೆಯಂತೆ. ‘ನಿಮ್ಮ ನಾಲಿಗೆ ತಪ್ಪಲ್ಲ ಇದು. ನಿಮ್ಮಮ್ಮನ ಕೈ ತಪ್ಪೂ ಅಲ್ಲ. ಆಗ ಕಿರಣ ಕೊಡದೇ ಇದ್ದಿದ್ರೆ ನೀವು ಇವತ್ತು ಇಲ್ಲಿ ಕೂತು ಬೈಸ್ಕೊಳ್ಳೋಕೂ ಇರ್ತಿರ್ಲಿಲ್ಲ’ ಎಂದರು.

ಇಂಥ ಮಾತು ಕೇಳಿದವರು ಅಳಬೇಕು. ಅವರು ಮೇಜಿನ ಮೇಲಿದ್ದ ಟಿಶ್ಯೂ ಡಬ್ಬ ಮೆಲ್ಲಗೆ ನನ್ನ ಕಡೆ ಸರಿಸಿದರು. ನಾನೂ ಅಳು ಬರಲಿ ಎಂದು ಕಾದೆ. ಬರಲಿಲ್ಲ. ಸುಮ್ಮನೆ ಕೂತರೆ ಅವರಿಗೆ ಬೇಸರವಾದೀತೆಂದು ಒಂದು ಟಿಶ್ಯೂ ತೆಗೆದುಕೊಂಡು ಮೂಗು ಒರೆಸಿಕೊಂಡೆ.

ಎದೆಯ ಸ್ಕ್ಯಾನ್ ಮಾಡಿಸಿ ಬಾ ಎಂದರು. ಅದರ ರಿಪೋರ್ಟಿಗೆ ಕಾಯುತ್ತಾ ಮತ್ತೆ ಹೊರಗೆ ಕೂತೆ. ಮಕ್ಕಳ ವಾರ್ಡಿನವರೂ ಅಲ್ಲೇ ಕಾಯುತ್ತಾರೆ. ಎದುರಿನ ಬೆಂಚಿನಲ್ಲಿ ಒಬ್ಬ ತಾಯಿ, ಮಡಿಲಲ್ಲಿ ನಾಲ್ಕು ವರ್ಷದ ಹುಡುಗಿ. ತಲೆಗೆ ಟೋಪಿ. ಮುಖ ಮಾತ್ರ ಉಬ್ಬಿ ಹುಣ್ಣಿಮೆ ಚಂದ್ರನ ಹಾಗೆ, ಕೈಕಾಲು ಕಡ್ಡಿ. ಹಸಿವು ಕೆರಳಿಸುವ ಆ ಮಾತ್ರೆಯ ವಾರ ಎಂದು ನೋಡಿದ ತಕ್ಷಣ ಗೊತ್ತಾಯಿತು. ‘ಗುಬ್ಬಿ, ನಿಧಾನ, ಗುಬ್ಬಿ, ನೀರು ಕುಡಿ’ ಎನ್ನುತ್ತಾ ತಾಯಿ ಡಬ್ಬದಿಂದ ಬ್ರೆಡ್ಡು, ಬೇಯಿಸಿದ ಮೊಟ್ಟೆ ತೆಗೆದು ತೆಗೆದು ಕೊಡುತ್ತಿದ್ದಳು. ಆ ಗುಬ್ಬಿ ಎರಡೂ ಕೈಯಲ್ಲಿ ಹಿಡಿದು ತಿನ್ನುತ್ತಿತ್ತು. ತಾಯಿಯ ಮುಖದಲ್ಲಿ ಎಂಥ ಸಂತೋಷ! ಅದೇ ಸಂತೋಷ ನಾನು ನಿನ್ನ ಮುಖದಲ್ಲಿ ನೋಡಿದ್ದೇನೆ. ವಾಂತಿಯ ವಾರಗಳಲ್ಲಿ ಒಂದು ಚಮಚ ಗಂಜಿ ಒಳಗೆ ಹೋಗಲಿ ಎಂದು ನೀನು ಚಮಚ ಹಿಡಿದು ಅರ್ಧ ದಿನ ಕೂತಿರುತ್ತಿದ್ದೆ. ಮಾತ್ರೆಯ ವಾರ ಬಂದು ನಾನು ‘ಹಸಿವು’ ಎಂದಾಗ, ‘ಕೇಳಿದ್ರಾ, ಹಸಿವಂತೆ! ಹಸಿವಂತೆ!’ ಎಂದು ಅಪ್ಪನನ್ನು ಕೂಗಿ ಕರೆದಿದ್ದೆ. ಆಮೇಲೆ ಯಾವ ವರ್ಷದಲ್ಲಿ ನೀನು ಅಡುಗೆಮನೆ ಕಪಾಟಿಗೆ ಬೀಗ ಹಾಕಿ ಕೀ ಸೊಂಟಕ್ಕೆ ಸಿಕ್ಕಿಸಿಕೊಂಡೆಯೋ ನನಗೆ ನೆನಪಿಲ್ಲ. ಚಮಚ ಹಿಡಿದದ್ದೂ ಕೀ ತಿರುಗಿಸಿದ್ದೂ ಒಂದೇ ಕೈ. ನನಗದು ಚಿಕ್ಕಂದಿನಲ್ಲಿ ಬಗೆಹರಿಯಲಿಲ್ಲ. ನಾನೇನೋ ತಪ್ಪು ಮಾಡಿದ್ದೇನೆ, ಏನೆಂದು ಹೇಳುತ್ತಿಲ್ಲ ಎಂದುಕೊಂಡಿದ್ದೆ.

ಆ ಚಿಕ್ಕ ನರ್ಸು ಬಂದು ನನ್ನ ಪೇಪರು ಕೊಡುತ್ತಾ, ‘ಇವರೂ ಇದೇ ವಾರ್ಡಲ್ಲಿ ಇದ್ದವ್ರೇ’ ಎಂದು ಆ ತಾಯಿಗೆ ಹೇಳಿದಳು. ಆಕೆ ತಟ್ಟನೆ ತಲೆಯೆತ್ತಿದಳು. ನನಗೂ ಅದೇ ಕಾಯಿಲೆಯಾ, ಎಷ್ಟು ವರ್ಷವಾಯಿತು ಎಂದು ಕೇಳಿದಳು. ಅದೇ, ಇಪ್ಪತ್ತು ದಾಟಿತು ಎಂದೆ.

‘ಇಪ್ಪತ್ತು ವರ್ಷ!’ ಆಕೆಯ ಕಣ್ಣಲ್ಲಿ ದೀಪ ಹಚ್ಚಿದ ಹಾಗಾಯಿತು. ಮಗುವಿನ ಗದ್ದ ಹಿಡಿದು ನನ್ನ ಕಡೆ ತಿರುಗಿಸಿ, ‘ನೋಡು ಗುಬ್ಬಿ, ಈ ಅಕ್ಕ ನೋಡು. ಅಕ್ಕಂಗೂ ನಿನ್ ಥರಾನೇ ಜ್ವರ ಬಂದಿತ್ತಂತೆ. ಎಷ್ಟು ದೊಡ್ಡೋಳಾಗಿದಾಳೆ...’

ಅಲ್ಲಿಗೆ ನಿಲ್ಲಿಸಿದಳು. ದೊಡ್ಡವಳು ಎಂಬ ಮಾತು ಬಾಯಿಂದ ಬಿದ್ದ ಮೇಲೆ ಆಕೆಗೆ ನನ್ನ ಮೈ ಕಾಣಿಸಿತು. ನೋಟ ನನ್ನ ಮುಖದಿಂದ ತೋಳಿಗೆ ಇಳಿಯಿತು, ತೋಳಿನಿಂದ ಕುರ್ಚಿಯ ಎರಡು ಕೈಗಳ ನಡುವೆ ನಾನು ಸಿಕ್ಕಿಕೊಂಡು ಕೂತಿದ್ದ ಕಡೆಗೆ. ಆಮೇಲೆ ಮಗುವನ್ನು ನೋಡಿದಳು. ಆಮೇಲೆ, ತನಗೇ ಗೊತ್ತಿಲ್ಲದ ಹಾಗೆ, ಡಬ್ಬದ ಮುಚ್ಚಳ ಮುಚ್ಚಿದಳು.

ಮಗು ಕಿರುಚಿತು. ಇನ್ನೂ ಬೇಕು ಎಂದು ಡಬ್ಬಕ್ಕೆ ಕೈ ಚಾಚಿತು. ಆಕೆ ಮುಚ್ಚಳದ ಮೇಲೆ ಕೈ ಇಟ್ಟುಕೊಂಡು, ಮಗುವಿನ ಮುಖವನ್ನೂ ನೋಡಲಾರದೆ ನನ್ನ ಮುಖವನ್ನೂ ನೋಡಲಾರದೆ, ನೆಲ ನೋಡುತ್ತಾ ಕೂತಳು.

ನನ್ನನ್ನು ನೋಡಿ ಜನ ಮುಖ ತಿರುಗಿಸುವುದು ನನಗೆ ರೂಢಿ. ಆದರೆ ಇದು ಬೇರೆ. ಒಬ್ಬ ತಾಯಿ ಹೆದರುವುದು ಹೇಗೆ ಎಂದು ನಾನು ಎದುರು ಕೂತು ನೋಡಿದೆ. ನಿನಗೆ ಇದು ಯಾವತ್ತು ಆಯಿತು? ಯಾವುದಾದರೂ ಆಸ್ಪತ್ರೆಯಲ್ಲಿ, ಅಂಗಡಿಯಲ್ಲಿ ಯಾರನ್ನಾದರೂ ನೋಡಿದೆಯಾ? ಅಥವಾ ಒಂದು ಬೆಳಿಗ್ಗೆ ನನ್ನನ್ನೇ ನೋಡಿದೆಯಾ?

ನಾನು ಏಳಲಿಲ್ಲ, ಎದ್ದರೆ ಕುರ್ಚಿ ಸದ್ದು ಮಾಡುತ್ತಿತ್ತು. ಕೂತಲ್ಲಿಂದಲೇ, ‘ಕೊಡಿ, ಅದಕ್ಕೆ ನಿಜವಾಗ್ಲೂ ಹಸಿವಾಗಿದೆ’ ಎಂದೆ. ಆಕೆ ಮೆಲ್ಲಗೆ, ‘ಆಮೇಲೆ...?’ ಎಂದಳು. ಆಮೇಲಿನದ್ದು ಡಾಕ್ಟರನ್ನು ಕೇಳಿ, ಈಗಲೇ ಕೇಳಿ, ನಮ್ಮ ಕಾಲದ ಹಾಗೆ ಇಲ್ಲ, ಈಗ ಮೊದಲಿನಿಂದಲೇ ನೋಡುತ್ತಾರಂತೆ, ಎಲ್ಲರಿಗೂ ತಲೆಗೆ ಕಿರಣ ಕೊಡುವುದೂ ಇಲ್ಲವಂತೆ ಎಂದೆ. ಡಾಕ್ಟರಮ್ಮ ಹೇಳಿದ್ದನ್ನೇ ಹೇಳಿದೆ, ನನ್ನದೇನೂ ಸೇರಿಸಲಿಲ್ಲ. ಆಕೆ ಮುಚ್ಚಳ ತೆಗೆದಳು. ಗುಬ್ಬಿ ಅಳುತ್ತಲೇ ತಿಂದಿತು.

ನನ್ನ ರಿಪೋರ್ಟು ಬಂತು. ಎದೆಯ ಬಡಿತ ಇರಬೇಕಾದಷ್ಟು ಗಟ್ಟಿಯಾಗಿಲ್ಲ. ಆಗಿನ ಔಷಧಿಯಲ್ಲಿ ಒಂದು, ಕೆಂಪು ನೀರಿನ ಬಾಟಲಿಯದ್ದು, ಹಾಗೆ ಮಾಡುತ್ತದಂತೆ. ಮೆಟ್ಟಿಲ ಮೇಲೆ ಉಸಿರು ನಿಂತದ್ದು ಬರೀ ತೂಕದಿಂದಲ್ಲ. ಬೇಗ ಬಂದದ್ದು ಒಳ್ಳೆಯದಾಯಿತು ಎಂದರು. ಮಾತ್ರೆ ಕೊಟ್ಟಿದ್ದಾರೆ, ಎದೆಗೆ ಒಂದು, ಥೈರಾಯ್ಡಿಗೆ ಒಂದು. ಊಟದ ಬಗ್ಗೆ ಹೇಳಿಕೊಡುವ ಹುಡುಗಿಯೊಬ್ಬಳಿದ್ದಾಳೆ. ಒಳಗಿನ ಗಂಟೆ ಕೆಟ್ಟಿರುವುದರಿಂದ ಹೊರಗಿನ ಗಂಟೆ ಇಟ್ಟುಕೊಳ್ಳಬೇಕು ಅನ್ನುತ್ತಾಳೆ. ಇಷ್ಟು ಹೊತ್ತಿಗೆ, ಇಷ್ಟು ದೊಡ್ಡ ಬಟ್ಟಲು, ಆಮೇಲೆ ಎದ್ದು ನಡೆಯುವುದು. ರೂಮಿನ ಮುಂದಿನ ಕಾರಿಡಾರಿನಲ್ಲಿ ನಡೆಯುತ್ತೇನೆ. ತೂಕ ಬಹಳ ಇಳಿಯುತ್ತದೆ ಎಂದು ಯಾರೂ ಮಾತು ಕೊಟ್ಟಿಲ್ಲ. ಏರದಿದ್ದರೆ ಗೆದ್ದ ಹಾಗೆ ಎಂದಿದ್ದಾರೆ. ತೆಳ್ಳಗಾದ ಮೇಲೆ ಮುಂದೊಂದು ದಿನ ಆಗುತ್ತದೆ ಎಂದು ನೀನು ನನಗಾಗಿ ತಂದಿಟ್ಟಿರುವ ಆ ಬಟ್ಟೆಗಳನ್ನು ಯಾರಿಗಾದರೂ ಕೊಟ್ಟುಬಿಡು. ಬೇಜಾರಿನಿಂದ ಹೇಳುತ್ತಿಲ್ಲ. ಕಪಾಟಿನಲ್ಲಿ ಜಾಗವಾಗುತ್ತದೆ.

ಹೋದ ವಾರ ಅಪ್ಪ ಲ್ಯಾಬಿಗೆ ಬಂದಿದ್ದರು. ಎರಡು ಮಹಡಿ ಹತ್ತಿ ಅವರೂ ಏದುಸಿರು ಬಿಟ್ಟರು, ಇಬ್ಬರೂ ಬೆಂಚಿನಲ್ಲಿ ಕೂತು ಸುಧಾರಿಸಿಕೊಂಡೆವು. ಪಾಲಿಶ್ ಅಕ್ಕ ಚಹಾ ತರಿಸಿದರು. ಅಪ್ಪ ನನ್ನ ಕಟ್ಟೆಯ ಮೇಲಿದ್ದ ಸೆಟ್ಟು ನೋಡಿ ಇದು ಯಾರ ನಗು ಎಂದು ಕೇಳಿದರು. ಆಸ್ಪತ್ರೆಯ ವಿಷಯ ಅವರಿಗೆ ಹೇಳಲಿಲ್ಲ, ನಿನಗೇ ಮೊದಲು ಹೇಳಬೇಕೆಂದಿತ್ತು. ಹೋಗುವಾಗ ಬಾಗಿಲ ಹತ್ತಿರ ನಿಂತು, ನಿನ್ನ ಅಡುಗೆಮನೆ ಕಪಾಟಿಗೆ ಈಗ ಬೀಗ ಇಲ್ಲವೆಂದು ಹೇಳಿದರು. ಮನೆಯಲ್ಲಿ ನಾನಿಲ್ಲ, ಬೀಗ ಯಾಕೆ ಎಂದೆ. ‘ಅದಲ್ಲಮ್ಮ, ಅವಳು ನಿಂತ್ಕೊಂಡೇ ಎರಡು ತುತ್ತು ತಿಂದು ಮುಗಿಸ್ತಾಳೆ. ತಟ್ಟೆ ಹಾಕ್ಕೊಳಲ್ಲ’ ಎಂದರು. ಮೆಟ್ಟಿಲು ಹುಷಾರು ಎಂದೆ.

ಈಗ ನಿನ್ನಿಂದ ನನಗೊಂದು ವಿಷಯ ಬೇಕು. ಡಾಕ್ಟರಮ್ಮ ಕೇಳಿದ್ದಾರೆ, ಕಾಯಿಲೆಗೆ ಮೊದಲು ನಾನು ಹೇಗೆ ಉಣ್ಣುತ್ತಿದ್ದೆ ಎಂದು. ನನಗೆ ಆಗ ಆರು ವರ್ಷವೂ ತುಂಬಿರಲಿಲ್ಲ, ಏನೂ ನೆನಪಿಲ್ಲ. ಗೊತ್ತಿರುವುದು ನಿನಗೊಬ್ಬಳಿಗೆ. ನಾನು ಯಾವತ್ತಾದರೂ ‘ಸಾಕು’ ಎಂದಿದ್ದೆನಾ ಅಮ್ಮ? ತುತ್ತು ಬಾಯಿಗೆ ಬರುವಾಗ ಮುಖ ತಿರುಗಿಸುತ್ತಿದ್ದೆನಾ? ತಟ್ಟೆಯಲ್ಲಿ ಬಿಟ್ಟು ಆಡಲು ಓಡುತ್ತಿದ್ದೆನಾ? ನೀನು ಹಿಂದೆ ಓಡಿ ಬರುತ್ತಿದ್ದೆಯಾ? ಡಾಕ್ಟರಿಗಾಗಿ ಕೇಳುತ್ತಿದ್ದೇನೆ. ಸ್ವಲ್ಪ ನನಗಾಗಿಯೂ.

ಮುಂದಿನ ತಿಂಗಳು ಎರಡು ದಿನ ಮನೆಗೆ ಬರುತ್ತೇನೆ. ನನ್ನ ಬಟ್ಟಲು ನಾನೇ ತರುತ್ತೇನೆ, ನಾನೇ ಬಡಿಸಿಕೊಳ್ಳುತ್ತೇನೆ. ನೋಡದೆ ಇರಲು ನಿನಗೆ ಆಗುವುದಿಲ್ಲ ಎಂದು ನನಗೆ ಗೊತ್ತು. ನೋಡು. ಆದರೆ ಏನೂ ಹೇಳಬೇಡ, ಏನೂ ಎತ್ತಿಕೊಂಡು ಹೋಗಬೇಡ. ನೀನೂ ತಟ್ಟೆ ಹಾಕಿಕೊಂಡು ಎದುರಿಗೆ ಕೂರು.

ಮಾತ್ರೆಯ ಹೊತ್ತಾಯಿತು. ಮಂಡಿನೋವಿಗೆ ಬಿಸಿನೀರಿನ ಶಾಖ ಕೊಡುತ್ತಿರು.

ನಿನ್ನ ಮಗಳು

ಹೇಳುವುದನ್ನು ಬಿಟ್ಟಿದ್ದೆ: ಆ ಗುಬ್ಬಿಯ ತಾಯಿಗೆ ನಿನ್ನ ಫೋನ್ ನಂಬರ್ ಕೊಟ್ಟಿದ್ದೇನೆ. ಆಕೆಗೆ ಕೇಳುವುದು ಬಹಳ ಇದೆ, ನನಗೆ ಮಗುವಾಗಿದ್ದುದು ಗೊತ್ತೇ ಹೊರತು ತಾಯಿಯಾಗಿದ್ದುದು ಗೊತ್ತಿಲ್ಲ. ಏಳುವ ಮೊದಲು ಆಕೆ ನನ್ನನ್ನು, ‘ನಿಮ್ಮನ್ನ ಹೀಗೆ ನೋಡಿ ನಿಮ್ಮಮ್ಮ ಏನಂತಾರೆ?’ ಎಂದು ಕೇಳಿದಳು. ‘ಮಗಳು ಉಳಿದಳಲ್ಲ, ನನಗೆ ಅಷ್ಟೇ ಸಾಕು ಅಂತಾರೆ’ ಎಂದುಬಿಟ್ಟೆ. ಆಕೆ ಫೋನ್ ಮಾಡಿದರೆ, ನಾನು ಸುಳ್ಳು ಹೇಳಿದೆ ಎಂದು ತೋರಿಸಿಕೊಡಬೇಡ.